ಓದುಗರ ಪ್ರಶ್ನೆ, ನಮ್ಮ ಉತ್ತರ: ಮೈಭಾರ ಹೆಚ್ಚಿರುವವರ ಹಾಕಿ ಸ್ಕೇಟಿಗೆ ಸಾಣೆ ಹೇಗಿರಬೇಕು?

ಈ ಸಲ ಐಸ್ ಹಾಕಿ ಆಡುವವರ ಪತ್ರಗಳನ್ನಷ್ಟೇ ಆರಿಸಿಕೊಂಡಿದ್ದೇವೆ. ಬರೆದವರೆಲ್ಲರ ತೂಕ ತೊಂಬತ್ತು ಕಿಲೊಗಿಂತ ಮೇಲಿದೆ, ಮತ್ತು ಎಲ್ಲರ ತೊಡಕೂ ಒಂದಲ್ಲ ಒಂದು ಬಗೆಯಲ್ಲಿ ಬ್ಲೇಡಿನ ತಳಕ್ಕೆ ಸಂಬಂಧಿಸಿದ್ದು. ಸ್ಕೇಟುಗಳ ಬಗ್ಗೆ ಸಿಗುವ ಬಹುಪಾಲು ಸಲಹೆಗಳು ಎಪ್ಪತ್ತು, ಎಂಬತ್ತು ಕಿಲೊ ತೂಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ಅವನ್ನು ಹಾಗೆಯೇ ಪಾಲಿಸಿದ ಭಾರದ ಆಟಗಾರರು ತಮ್ಮ ಕಾಲಿನಲ್ಲೇ ದೋಷವಿದೆಯೆಂದು ಭಾವಿಸುವುದನ್ನು ನೋಡಿದಾಗ ಬೇಸರವಾಗುತ್ತದೆ.

ಪ್ರಶ್ನೆ: ಮಾನ್ಯರೇ, ನನ್ನ ತೂಕ 108 ಕಿಲೊ, ಎತ್ತರ 188 ಸೆಂಟಿಮೀಟರ್, ರಕ್ಷಣಾ ಸಾಲಿನಲ್ಲಿ ಆಡುತ್ತೇನೆ. ಸ್ಕೇಟ್ ಕೊಂಡಾಗ ಅಂಗಡಿಯವರು 1/2 ಅಂಗುಲದ ಹಾಲೊ (ಬ್ಲೇಡಿನ ತಳದ ತಗ್ಗು) ಇಟ್ಟು ಸಾಣೆ ಹಿಡಿದುಕೊಟ್ಟರು, ಅಂದಿನಿಂದ ಅದನ್ನೇ ಮಾಡಿಸುತ್ತಿದ್ದೇನೆ. ವೇಗವಾಗಿ ಬಂದು ಅಡ್ಡ ತಿರುಗಿ ನಿಲ್ಲಲು ಹೋದರೆ ಬ್ಲೇಡು ತಟ್ಟನೆ ಕಚ್ಚಿಕೊಳ್ಳುತ್ತದೆ, ಮೈ ಮುಂದಕ್ಕೆ ಮುಗ್ಗರಿಸುತ್ತದೆ. ಅರ್ಧ ಆಟ ಮುಗಿಯುವ ಹೊತ್ತಿಗೆ ತೊಡೆಗಳು ಉರಿಯುತ್ತವೆ. ತಂಡದಲ್ಲಿ ಒಬ್ಬರು 3/4 ಮಾಡಿಸು ಎನ್ನುತ್ತಾರೆ. ಇನ್ನೊಬ್ಬರು ಭಾರ ಇರುವವನಿಗೆ ಆಳದ ಹಾಲೊ ಇರದಿದ್ದರೆ ಜಾರಿ ಬೀಳುತ್ತಾನೆ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಮೊದಲನೆಯವರ ಮಾತು ಸರಿ, ಆದರೆ ಒಂದೇ ಸಲಕ್ಕೆ 3/4ಕ್ಕೆ ಹೋಗಬೇಡಿ, ನಡುವೆ 5/8ರಲ್ಲಿ ಕೆಲವು ದಿನ ಆಡಿ ನೋಡಿ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮುಂದಿನ ಪತ್ರಗಳ ಉತ್ತರಗಳೂ ಇದರ ಮೇಲೆಯೇ ನಿಂತಿವೆ.

ಆಟಗಾರರ ಸ್ಕೇಟಿನ ಬ್ಲೇಡು ಸುಮಾರು 2.9 ಮಿಲಿಮೀಟರ್ ದಪ್ಪವಿರುತ್ತದೆ. ಅದರ ತಳ ಸಪಾಟಲ್ಲ. ಸಾಣೆಚಕ್ರವು ಆ ತಳದ ಉದ್ದಕ್ಕೂ ಒಂದು ತಗ್ಗನ್ನು ಕೊರೆಯುತ್ತದೆ, ತಗ್ಗಿನ ಎರಡು ಬದಿಗೂ ಒಳ ಅಂಚು, ಹೊರ ಅಂಚು ಎಂದು ಎರಡು ಚೂಪಾದ ಅಂಚುಗಳು ಉಳಿಯುತ್ತವೆ. ಈ ತಗ್ಗೇ ಹಾಲೊ. ಅದು ಒಂದು ವೃತ್ತದ ಕಂಸ. 1/2, 5/8, 3/4 ಎಂದು ನಾವು ಹೇಳುವುದು ಆ ವೃತ್ತದ ತ್ರಿಜ್ಯವನ್ನು, ಅಂಗುಲದ ಲೆಕ್ಕದಲ್ಲಿ. ಚಿಕ್ಕ ವೃತ್ತದ ಕಂಸ ಅದೇ ಅಗಲದೊಳಗೆ ಹೆಚ್ಚು ಬಾಗುವುದರಿಂದ, ಸಂಖ್ಯೆ ಚಿಕ್ಕದಾದಷ್ಟೂ ತಗ್ಗು ಆಳವಾಗುತ್ತದೆ. ನಿಮ್ಮ ಬ್ಲೇಡಿನ ದಪ್ಪಕ್ಕೆ ಲೆಕ್ಕ ಹಾಕಿದರೆ 3/8ರ ಹಾಲೊ ಸುಮಾರು 0.11 ಮಿಲಿಮೀಟರ್ ಆಳ, 1/2ರದು 0.083, 5/8ರದು 0.066, 3/4ರದು 0.055. ಎಲ್ಲವೂ ಕಣ್ಣಿಗೆ ಸಿಕ್ಕದಷ್ಟು ಸಣ್ಣ ಅಳತೆಗಳು. ಆದರೂ 1/2ರಿಂದ 3/4ಕ್ಕೆ ಹೋದರೆ ಆಳದಲ್ಲಿ ಮೂರರಲ್ಲೊಂದು ಭಾಗ ಕಡಿಮೆಯಾಗುತ್ತದೆ ಎಂಬುದನ್ನು ಗಮನಿಸಿ. ಅಂಚಿನ ಕೋನವೂ ಬದಲಾಗುತ್ತದೆ: 3/8ರಲ್ಲಿ ಅಂಚು ಸುಮಾರು 81 ಡಿಗ್ರಿಯಷ್ಟು ಚೂಪು, 3/4ರಲ್ಲಿ ಸುಮಾರು 86 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಲಂಬಕೋನ.

ಇನ್ನು ಭಾರದ ವಿಷಯ. ನೇಗಿಲು ಅದೇ ಆದರೂ ಮೇಣಿಯ ಮೇಲೆ ಬೀಳುವ ಭಾರ ಹೆಚ್ಚಿದಾಗ ಗುಳ ಆಳಕ್ಕೆ ಇಳಿಯುತ್ತದೆ. ಬ್ಲೇಡಿನ ಅಂಚು ಮಂಜುಗಡ್ಡೆಗೆ ಇಳಿಯುವುದೂ ಹಾಗೆಯೇ. ತಿರುವಿನಲ್ಲಿ ಈ ಒತ್ತಡ ಇನ್ನೂ ಏರುತ್ತದೆ. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ 5 ಮೀಟರ್ ತ್ರಿಜ್ಯದ ತಿರುವನ್ನು ತೆಗೆದುಕೊಂಡರೆ ಅಂಚಿನ ಮೇಲೆ ಬೀಳುವ ಒಟ್ಟು ಒತ್ತಡ ಮೈಭಾರದ ಸುಮಾರು ಒಂದೂಕಾಲು ಪಟ್ಟು. ಎಪ್ಪತ್ತು ಕಿಲೊ ತೂಗುವವರ ಅಂಚಿಗೆ ಅದು 87 ಕಿಲೊ ಭಾರಕ್ಕೆ ಸಮ, ನಿಮ್ಮ ಅಂಚಿಗೆ 134 ಕಿಲೊಗೆ ಸಮ. ಆ ಹಗುರ ಆಟಗಾರನಿಗೆ 1/2ರಲ್ಲಿ ಸಿಗುವ ಹಿಡಿತ ನಿಮಗೆ ಅದಕ್ಕಿಂತ ತೆಳುವಾದ ಹಾಲೊದಲ್ಲೇ ಸಿಗುತ್ತದೆ. ನಿಮ್ಮ ಎರಡನೆಯ ಗೆಳೆಯರ ಮಾತಿನ ಹಿಂದೆಯೂ ಒಂದು ತರ್ಕವಿದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ: ಭಾರ ಹೆಚ್ಚಿದ್ದರೆ ನಿಲ್ಲಿಸಲು ಹೆಚ್ಚು ಬಲ ಬೇಕು ಎಂಬುದು ನಿಜ. ಆದರೆ ಆ ಬಲ ಯಾವ ಪ್ರಮಾಣದಲ್ಲಿ ಹೆಚ್ಚು ಬೇಕೋ ಅದೇ ಪ್ರಮಾಣದಲ್ಲಿ ಅಂಚಿನ ಮೇಲಿನ ಒತ್ತಡವೂ ಹೆಚ್ಚಿರುತ್ತದೆಯಾದ್ದರಿಂದ, ಹಿಡಿತವನ್ನು ಹಾಲೊದಿಂದ ಮತ್ತೆ ಸಾಲವಾಗಿ ತರಬೇಕಾದ ಅಗತ್ಯ ಬೀಳುವುದಿಲ್ಲ.

ನೀವು ಹೇಳಿದ ಎರಡು ಲಕ್ಷಣಗಳಲ್ಲಿ ಮೊದಲನೆಯದು ಆಳ ಹೆಚ್ಚಾದುದರ ನೇರ ಗುರುತು. ಅಡ್ಡ ನಿಲ್ಲುವಾಗ ಬ್ಲೇಡು ಮಂಜುಗಡ್ಡೆಯನ್ನು ಕೆರೆಯುತ್ತಾ ಸ್ವಲ್ಪ ದೂರ ಜಾರಬೇಕು, ಆ ಜಾರಿಕೆಯಲ್ಲೇ ವೇಗ ಕರಗಬೇಕು. ಅಂಚು ಆಳಕ್ಕೆ ಕಚ್ಚಿದರೆ ಜಾರಿಕೆ ಇಲ್ಲದೆ ಕಾಲು ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ. ಆ ಪೆಟ್ಟನ್ನು ಕಣಕಾಲು, ಮಂಡಿ, ತೊಡೆಸಂದುಗಳು ತಿನ್ನುತ್ತವೆ. ಸಾಣೆಯನ್ನು ಬೇಗ ಬದಲಿಸಿ ಎಂದು ನಿಮಗೆ ಒತ್ತಾಯದಿಂದ ಹೇಳುತ್ತಿರುವುದು ಈ ಕಾರಣಕ್ಕೇ. ಎರಡನೆಯದು, ತೊಡೆಯ ಉರಿ, ಪೂರ್ತಿಯಾಗಿ ಸಾಣೆಯಿಂದಲೇ ಬಂದದ್ದೆಂದು ಹೇಳಲಾಗದು. ಆಳದ ಹಾಲೊದಲ್ಲಿ ಜಾರಿಕೆ ಕುಗ್ಗಿ ಹೆಜ್ಜೆಗಳ ಸಂಖ್ಯೆ ಹೆಚ್ಚುವುದು ಒಂದು ಪಾಲಾದರೆ, ಬ್ಲೇಡು ಕಚ್ಚೀತೆಂಬ ಅಂಜಿಕೆಯಿಂದ ಮೈ ಬಿಗಿಹಿಡಿದು ಆಡುವುದು ಇನ್ನೊಂದು ಪಾಲು.

ಈಗ ಮಾಡಬೇಕಾದದ್ದು. 5/8 ಮಾಡಿಸಿ, ನಾಲ್ಕೈದು ಸಲ ಐಸ್‌ಗೆ ಇಳಿಯುವವರೆಗೆ ತೀರ್ಪು ಕೊಡಬೇಡಿ. ಮೊದಲ ಸಲ ಎಲ್ಲರಿಗೂ ಜಾರಿದಂತೆಯೇ ಅನಿಸುತ್ತದೆ, ಏಕೆಂದರೆ ಕಾಲು ಹಳೆಯ ಹಿಡಿತಕ್ಕೆ ಒಗ್ಗಿಕೊಂಡಿರುತ್ತದೆ. ಆ ಬಳಿಕ ನಿಂತಲ್ಲಿಂದ ಹೊರಡುವ ಮೊದಲ ಮೂರು ಹೆಜ್ಜೆಗಳನ್ನು ಗಮನಿಸಿ: ತಳ್ಳುವ ಕಾಲು ಹಿಂದಕ್ಕೆ ಜಾರಿ ಹೋಗುತ್ತಿದ್ದರೆ ಹಾಲೊ ನಿಮಗೆ ತೆಳುವಾಯಿತೆಂದು ಅರ್ಥ. ಹಿಮ್ಮುಖವಾಗಿ ಕಾಲು ಅಡ್ಡಹಾಕಿ ಹೋಗುವಾಗಲೂ ನೋಡಿ, ರಕ್ಷಣಾ ಸಾಲಿನವರಿಗೆ ಅದೇ ದೊಡ್ಡ ಪರೀಕ್ಷೆ. ಅಲ್ಲೆಲ್ಲ ಹಿಡಿತ ಗಟ್ಟಿಯಾಗಿದ್ದು ನಿಲ್ಲುವಾಗ ಇನ್ನೂ ಕಚ್ಚುತ್ತಿದೆ ಎನಿಸಿದರೆ 11/16ಕ್ಕೆ, ಇಲ್ಲವೇ ನೇರವಾಗಿ 3/4ಕ್ಕೆ ಹೋಗಬಹುದು. ನೂರು ಕಿಲೊ ದಾಟಿದ ಹೆಚ್ಚಿನವರು 5/8 ಮತ್ತು 3/4ರ ನಡುವೆ ಎಲ್ಲೋ ನೆಲೆ ಕಾಣುತ್ತಾರೆ ಎಂಬುದು ನನ್ನ ಅಂದಾಜು. ತೊಂಬತ್ತರ ಆಸುಪಾಸಿನವರು 9/16ರಿಂದ ಆರಂಭಿಸಬಹುದು. ಇವು ಹುಡುಕಾಟ ಆರಂಭಿಸಲು ಒಂದು ನೆಲೆಯಷ್ಟೇ, ಯಾರಿಗೂ ಕಟ್ಟುಪಾಡಲ್ಲ. ನಿಮ್ಮ ರಿಂಕಿನ ಮಂಜುಗಡ್ಡೆ ಬಹಳ ತಣ್ಣಗಿದ್ದು ಗಡುಸಾಗಿದ್ದರೆ, ಅಥವಾ ಚಳಿಗಾಲದಲ್ಲಿ ಹೊರಗಿನ ಕೆರೆಯ ಮೇಲೆ ಆಡುವವರಾದರೆ, ಒಂದು ಮೆಟ್ಟಿಲು ಆಳಕ್ಕೆ ಹಿಂತಿರುಗಬೇಕಾದೀತು. ಮೆತ್ತಗಿನ ಮಂಜುಗಡ್ಡೆಯಲ್ಲಿ ಅದಕ್ಕೆ ವಿರುದ್ಧವಾದದ್ದು ನಿಜ.

ಪ್ರಶ್ನೆ: ತೂಕ 104 ಕಿಲೊ. ಭಾರದವರಿಗೆ ತೆಳು ಹಾಲೊ ಒಳ್ಳೆಯದೆಂದು ಕೇಳಿ ಕಳೆದ ತಿಂಗಳು 3/4 ಮಾಡಿಸಿದೆ. ಬಲಕ್ಕೆ ತಿರುಗುವಾಗ ಏನೂ ತೊಂದರೆಯಿಲ್ಲ. ಎಡಕ್ಕೆ ಬಿಗಿಯಾಗಿ ತಿರುಗಿದರೆ ಬಲಗಾಲು ಹೊರಕ್ಕೆ ಜಾರುತ್ತದೆ. ಎರಡು ಸಲ ಬಿದ್ದೆ. ಹಳೆಯ ಹಾಲೊಗೇ ಮರಳಲೇ?

ಉತ್ತರ: ಮರಳುವ ಮುನ್ನ ಬಲಗಾಲಿನ ಬ್ಲೇಡನ್ನು ಪರೀಕ್ಷಿಸಿ. ಹಾಲೊ ತೆಳುವಾಗಿ ಜಾರುವುದಾದರೆ ಎರಡೂ ದಿಕ್ಕಿಗೆ ಜಾರಬೇಕು. ಒಂದೇ ದಿಕ್ಕಿನಲ್ಲಿ, ಒಂದೇ ಕಾಲು ಕೈಕೊಡುತ್ತಿದೆಯೆಂದರೆ ಆ ಬ್ಲೇಡಿನ ಎರಡು ಅಂಚುಗಳು ಸಮಮಟ್ಟದಲ್ಲಿಲ್ಲ ಎಂಬ ಅನುಮಾನವೇ ಮೊದಲು ಬರಬೇಕು. ಎಡಕ್ಕೆ ತಿರುಗುವಾಗ ನಿಮ್ಮ ಬಲಗಾಲು ಒಳ ಅಂಚಿನ ಮೇಲೆ ನಿಂತಿರುತ್ತದೆ. ಆ ಒಳ ಅಂಚು ಹೊರ ಅಂಚಿಗಿಂತ ಗಿಡ್ಡವಾಗಿದ್ದರೆ ಮಂಜುಗಡ್ಡೆಯನ್ನು ಕಚ್ಚಲು ತಡವರಿಸುತ್ತದೆ.

ಪರೀಕ್ಷೆ ಸುಲಭ. ಸ್ಕೇಟನ್ನು ತಲೆಕೆಳಗು ಮಾಡಿ ಹಿಡಿದು, ನೇರವಾದ ಒಂದು ಸಣ್ಣ ಲೋಹದ ಪಟ್ಟಿಯನ್ನು ಎರಡು ಅಂಚುಗಳ ಮೇಲೆ ಅಡ್ಡಲಾಗಿ ಇಡಿ. ಪಟ್ಟಿ ಬ್ಲೇಡಿನ ಪಕ್ಕಕ್ಕೆ ಲಂಬಕೋನದಲ್ಲಿದ್ದರೆ ಅಂಚುಗಳು ಸಮ, ಒಂದು ಬದಿಗೆ ವಾಲಿದರೆ ಅಸಮ. ಇದಕ್ಕೆಂದೇ ಅಯಸ್ಕಾಂತದಿಂದ ಬ್ಲೇಡಿಗೆ ಅಂಟಿಕೊಳ್ಳುವ ಅಳತೆಪಟ್ಟಿಯೂ ಸಿಗುತ್ತದೆ, ಅದರಲ್ಲಿ ವಾಲಿಕೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ತುದಿ, ನಡು, ಹಿಮ್ಮಡಿ, ಮೂರೂ ಕಡೆ ನೋಡಬೇಕು. ಮೂರೂ ಕಡೆ ಒಂದೇ ಬದಿಗೆ ವಾಲಿದ್ದರೆ ಸಾಣೆಚಕ್ರದ ನಡುವಿಗೆ ಬ್ಲೇಡನ್ನು ಸರಿಯಾಗಿ ಹೊಂದಿಸದೆ ಹಿಡಿದಿದ್ದಾರೆ. ಮತ್ತೆ ಹೊಂದಿಸಿ ಕೆಲವು ಸಲ ಹಾಯಿಸಿದರೆ ಸರಿಯಾಗುತ್ತದೆ. ತುದಿಯಲ್ಲಿ ಒಂದು ಬದಿಗೆ, ಹಿಮ್ಮಡಿಯಲ್ಲಿ ಇನ್ನೊಂದು ಬದಿಗೆ ವಾಲಿದ್ದರೆ ಉಕ್ಕೇ ಬಾಗಿರಬಹುದು ಅಥವಾ ಅದನ್ನು ಹಿಡಿದಿಡುವ ಹೋಲ್ಡರಿನಲ್ಲಿ ಸರಿಯಾಗಿ ಕೂತಿರಲಿಕ್ಕಿಲ್ಲ. ಭಾರದ ಆಟಗಾರರಲ್ಲಿ ಇದು ಹೆಚ್ಚು ಕಾಣುವ ತೊಂದರೆ: ಬ್ಲೇಡನ್ನು ಬಿಗಿಹಿಡಿದ ತಿರುಪು ಸಡಿಲವಾಗುವುದು, ಹೋಲ್ಡರಿನಲ್ಲಿ ಕೂದಲೆಳೆಯಂಥ ಬಿರುಕು ಬೀಳುವುದು, ಬೂಟಿನ ಅಟ್ಟೆಗೆ ಹೋಲ್ಡರನ್ನು ಕಚ್ಚಿಸುವ ರಿವೆಟ್‌ಗಳು ಅಲುಗಾಡುವುದು. ಕೈಯಿಂದ ಬ್ಲೇಡನ್ನು ಅತ್ತಿತ್ತ ಅಲ್ಲಾಡಿಸಿ ನೋಡಿ. ಒಂದಿಷ್ಟು ಕದಲಿದರೂ ಸಾಣೆಯ ಮಾತನ್ನು ಬದಿಗಿಟ್ಟು ಅದನ್ನು ದುರಸ್ತಿ ಮಾಡಿಸಿ.

ಅಂಚುಗಳು ಸಮವಾದ ಮೇಲೂ 3/4 ಜಾರುತ್ತಿದ್ದರೆ ಆಗ 5/8ಕ್ಕೆ ಬನ್ನಿ. ಸಂಖ್ಯೆಯ ಮೇಲೆ ಹೊರಿಸುವ ದೂರುಗಳಲ್ಲಿ ದೊಡ್ಡ ಪಾಲು ಅಸಮ ಅಂಚಿನದ್ದೇ ಎಂದು ನಾನು ಬಲವಾಗಿ ನಂಬಿದ್ದೇನೆ. ಸಾಣೆ ಹಿಡಿಸಿಕೊಂಡ ಪ್ರತಿ ಸಲವೂ ಅಲ್ಲೇ ನಿಂತು ಅಂಚುಗಳ ಮಟ್ಟವನ್ನು ತೋರಿಸಿ ಎಂದು ಕೇಳಿ. ಕೆಲಸದಲ್ಲಿ ಶ್ರದ್ಧೆಯಿರುವವರು ಇದಕ್ಕೆ ಬೇಸರಿಸುವುದಿಲ್ಲ.

ಪ್ರಶ್ನೆ: ನನ್ನ ತೂಕ 97 ಕಿಲೊ, ಎತ್ತರ 170 ಸೆಂಟಿಮೀಟರ್ ಮಾತ್ರ. ಪಾದ ಚಿಕ್ಕದು, ಹೋಲ್ಡರು 263 ಮಿಲಿಮೀಟರಿನದು. ಮುಂಸಾಲಿನಲ್ಲಿ ಆಡುತ್ತೇನೆ. ಹಾಲೊ 5/8ರಲ್ಲಿ ನನಗೆ ಹೊಂದಿಕೊಂಡಿದೆ. ಈಗ ಪ್ರೊಫೈಲ್ ಬದಲಿಸುವ ಯೋಚನೆ. ಭಾರದವರು 13 ಅಡಿಯ ರೇಡಿಯಸ್ ಇಟ್ಟುಕೊಳ್ಳಬೇಕೆಂದು ಒಬ್ಬರು, ನಾಲ್ಕು ರೇಡಿಯಸ್‌ಗಳಿರುವ ಕ್ವಾಡ್ ಮಾಡಿಸೆಂದು ಇನ್ನೊಬ್ಬರು ಹೇಳುತ್ತಾರೆ. ಸ್ಕೇಟಿನೊಂದಿಗೆ ಬಂದ ಪ್ರೊಫೈಲ್ ಏನೆಂಬುದೂ ನನಗೆ ತಿಳಿಯದು.

ಉತ್ತರ: ಹಾಲೊ ಎಂಬುದು ಬ್ಲೇಡಿನ ಅಗಲದಲ್ಲಿರುವ ಬಾಗು, ಪ್ರೊಫೈಲ್ ಎಂಬುದು ಅದರ ಉದ್ದದಲ್ಲಿರುವ ಬಾಗು. ಬ್ಲೇಡನ್ನು ಪಕ್ಕದಿಂದ ನೋಡಿದರೆ ತುದಿ ಮತ್ತು ಹಿಮ್ಮಡಿ ಮೇಲಕ್ಕೆದ್ದು ನಡುಭಾಗ ಮಾತ್ರ ನೆಲ ಮುಟ್ಟುವಂತೆ ಇರುತ್ತದೆ. ಆ ನಡುಭಾಗದ ಬಾಗು ಎಷ್ಟು ದೊಡ್ಡ ವೃತ್ತದ್ದೆಂಬುದನ್ನು, ಅಂದರೆ ಅದರ ತ್ರಿಜ್ಯವನ್ನು (ರೇಡಿಯಸ್), ಅಡಿಗಳಲ್ಲಿ ಹೇಳುತ್ತಾರೆ. ಆಟಗಾರರ ಸ್ಕೇಟುಗಳು ಸಾಮಾನ್ಯವಾಗಿ 9 ಅಥವಾ 10 ಅಡಿಯ ರೇಡಿಯಸ್ ಹೊತ್ತು ಬರುತ್ತವೆ. ಚಿಕ್ಕ ರೇಡಿಯಸ್ ಇದ್ದರೆ ಮಂಜುಗಡ್ಡೆಗೆ ತಾಗುವ ಉಕ್ಕು ಕಡಿಮೆ, ಕಾಲು ಸಲೀಸಾಗಿ ತಿರುಗುತ್ತದೆ. ದೊಡ್ಡದಿದ್ದರೆ ತಾಗುವ ಉಕ್ಕು ಹೆಚ್ಚು, ನೇರ ಓಟದಲ್ಲಿ ವೇಗ ಉಳಿಯುತ್ತದೆ, ನಿಲುವು ಗಟ್ಟಿಯಾಗುತ್ತದೆ, ತಿರುವು ಸ್ವಲ್ಪ ನಿಧಾನವಾಗುತ್ತದೆ.

ಭಾರದವರಿಗೆ ದೊಡ್ಡ ರೇಡಿಯಸ್ ಎಂಬ ಸೂತ್ರವನ್ನು ನಾನು ಒಪ್ಪುವುದಿಲ್ಲ. ಬ್ಲೇಡು ಮಂಜುಗಡ್ಡೆಗೆ 0.1 ಮಿಲಿಮೀಟರ್ ಇಳಿಯಿತೆಂದು ಇಟ್ಟುಕೊಂಡರೆ, 9 ಅಡಿಯ ರೇಡಿಯಸ್‌ನಲ್ಲಿ ತಾಗುವ ಉದ್ದ ಸುಮಾರು 47 ಮಿಲಿಮೀಟರ್, 10 ಅಡಿಯಲ್ಲಿ 49, 13 ಅಡಿಯಲ್ಲಿ 56. ಅಂದರೆ ರೇಡಿಯಸ್ಸನ್ನು 9ರಿಂದ 13 ಅಡಿಗೆ ಏರಿಸಿದರೆ ಉದ್ದದಲ್ಲಿ ಆಗುವ ಹೆಚ್ಚಳ ನೂರಕ್ಕೆ ಇಪ್ಪತ್ತು. ಅದೇ 10 ಅಡಿಯ ಬ್ಲೇಡು ಭಾರ ಹೆಚ್ಚಿರುವ ಕಾರಣಕ್ಕೆ 0.15 ಮಿಲಿಮೀಟರ್ ಇಳಿದರೆ ತಾಗುವ ಉದ್ದ ತಾನಾಗಿಯೇ 60 ಮಿಲಿಮೀಟರ್ ದಾಟುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಮಂಜುಗಡ್ಡೆಯ ಗಡಸುತನ, ಹಾಲೊ, ವೇಗ ಮುಂತಾದವನ್ನು ಅವಲಂಬಿಸಿದ್ದರಿಂದ ಈ ಅಂಕಿಗಳನ್ನು ಹೋಲಿಕೆಗಾಗಿ ಮಾತ್ರ ತೆಗೆದುಕೊಳ್ಳಿ. ಆದರೂ ಅವು ತೋರಿಸುವ ದಿಕ್ಕು ಮುಖ್ಯ: ಭಾರದ ಆಟಗಾರ ದೊಡ್ಡ ರೇಡಿಯಸ್‌ನಿಂದ ಬಯಸುವ ಗಟ್ಟಿ ನಿಲುವಿನ ಒಂದು ಭಾಗವನ್ನು ಮೈಭಾರವೇ ತಂದುಕೊಡುತ್ತಿದೆ.

ಪ್ರೊಫೈಲ್ ಆರಿಸುವಾಗ ತೂಕಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ಆಟದ ರೀತಿ, ಎತ್ತರ ಮತ್ತು ಬ್ಲೇಡಿನ ಉದ್ದ. ನೀವು ಗಿಡ್ಡ, ಮೈಯ ಭಾರಕೇಂದ್ರ ತಗ್ಗಿನಲ್ಲಿದೆ, ಮುಂಸಾಲಿನಲ್ಲಿ ಗೋಲಿನ ಹತ್ತಿರ ಸಣ್ಣ ಜಾಗದಲ್ಲಿ ತಿರುಗಾಡುತ್ತೀರಿ, ಮತ್ತು ಬ್ಲೇಡು ಚಿಕ್ಕದು. ಚಿಕ್ಕ ಬ್ಲೇಡಿನ ಮೇಲೆ 13 ಅಡಿಯ ಬಾಗನ್ನು ಇಟ್ಟರೆ ಮುಂದೆ ಹಿಂದೆ ಉಳಿಯುವ ಬಾಗು ಅಷ್ಟಕ್ಕಷ್ಟೆ, ಕಾಲು ತಿರುಗಿಸಲು ಹೆಣಗಬೇಕಾಗುತ್ತದೆ. ನಿಮ್ಮ ಸ್ಥಾನದಲ್ಲಿ ಎತ್ತರದ ರಕ್ಷಣಾ ಆಟಗಾರರೊಬ್ಬರು ಕೇಳಿದ್ದರೆ 11 ಅಡಿಯನ್ನು ಸಂತೋಷದಿಂದ ಸೂಚಿಸುತ್ತಿದ್ದೆ. ನಿಮಗೆ 10 ಅಡಿಗಿಂತ ಮೇಲೆ ಹೋಗುವ ಕಾರಣ ನನಗೆ ಕಾಣುವುದಿಲ್ಲ.

ಕ್ವಾಡ್‌ನ ವಿಷಯ ಬೇರೆ. ಅದರಲ್ಲಿ ತುದಿಯ ಕಡೆ ಚಿಕ್ಕ ರೇಡಿಯಸ್, ಹಿಮ್ಮಡಿಯ ಕಡೆಗೆ ಹೋದಂತೆ ದೊಡ್ಡ ರೇಡಿಯಸ್, ಹೀಗೆ ನಾಲ್ಕು ಬಾಗುಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಹೊರಡುವಾಗ, ಬಿಗಿಯಾಗಿ ತಿರುಗುವಾಗ ಮೈಭಾರ ಪಾದದ ಮುಂಭಾಗಕ್ಕೆ ಬರುವುದರಿಂದ ಅಲ್ಲಿ ಚುರುಕು ಸಿಗುತ್ತದೆ. ಜಾರುತ್ತಾ ಸಾಗುವಾಗ, ಎದುರಾಳಿಯ ಡಿಕ್ಕಿಯನ್ನು ತಡೆಯುವಾಗ ಭಾರ ಹಿಂದಕ್ಕೆ ಸರಿಯುವುದರಿಂದ ಅಲ್ಲಿ ನಿಲುವು ಸಿಗುತ್ತದೆ. ಭಾರವನ್ನು ಮುಂದೆ ಹಿಂದೆ ಬೇಕೆಂದಾಗ ಸಾಗಿಸಬಲ್ಲ ಆಟಗಾರರಿಗೆ ಇದು ನಿಜವಾಗಿಯೂ ಉಪಯುಕ್ತ. ಇಂಥ ಪ್ರೊಫೈಲ್‌ಗಳನ್ನು ಬ್ಲೇಡಿನ ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಅಳತೆಗಳಲ್ಲಿ ಮಾಡಿರುತ್ತಾರೆ. ನಿಮ್ಮದು 263 ಎಂದು ತಪ್ಪದೆ ಹೇಳಿ, ಉದ್ದ ಬ್ಲೇಡಿಗೆ ಮಾಡಿದ ಅಚ್ಚನ್ನು ನಿಮ್ಮದರ ಮೇಲೆ ಹಾಕಿಸಿಕೊಳ್ಳಬೇಡಿ.

ಎರಡು ಎಚ್ಚರಿಕೆಗಳು. ಪ್ರೊಫೈಲ್ ಬದಲಿಸಿದ ದಿನ ಹಾಲೊ ಬದಲಿಸಬಾರದು. ತಾಗುವ ಉಕ್ಕಿನ ಉದ್ದ ಬದಲಾದಾಗ ಅದೇ ಹಾಲೊ ಬೇರೆಯಾಗಿ ಅನಿಸತೊಡಗುತ್ತದೆ, ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲು ಯಾರಿಂದಲೂ ಆಗದು. ಹಾಗೆಯೇ ಪ್ರತಿ ಪ್ರೊಫೈಲ್ ಬದಲಾವಣೆಯೂ ಮಾಮೂಲು ಸಾಣೆಗಿಂತ ಹೆಚ್ಚು ಉಕ್ಕನ್ನು ತಿನ್ನುತ್ತದೆ, ತಿಂಗಳಿಗೊಮ್ಮೆ ಬದಲಿಸಿ ನೋಡುವ ವಸ್ತು ಅದಲ್ಲ. ಮೊದಲು ನಿಮ್ಮ ಈಗಿನ ಪ್ರೊಫೈಲ್ ಏನಿದೆಯೆಂದು ಅಳತೆಪಟ್ಟಿ ಇಟ್ಟು ನೋಡಿಸಿ. ಕೈಯಿಂದ ಸಾಣೆ ಹಿಡಿಯುವವರು ತುದಿ ಮತ್ತು ಹಿಮ್ಮಡಿಯಲ್ಲಿ ತಿಳಿಯದೆಯೇ ಹೆಚ್ಚು ಒತ್ತಿದ್ದರೆ, ಸ್ಕೇಟಿನೊಂದಿಗೆ ಬಂದ 10 ಅಡಿ ಈಗ 10 ಅಡಿಯಾಗಿ ಉಳಿದಿರುವುದಿಲ್ಲ. ಅದನ್ನೇ ಮೊದಲಿನಂತೆ ಮಾಡಿಸಿಕೊಂಡರೂ ನಿಮಗೆ ಬೇಕಾದ ಬದಲಾವಣೆ ಸಿಕ್ಕೀತು.

ಪ್ರಶ್ನೆ: ನಲವತ್ತು ದಾಟಿದ ಮೇಲೆ ಹಾಕಿ ಕಲಿಯುತ್ತಿರುವ ಮಹಿಳೆ ನಾನು, ತೂಕ 95 ಕಿಲೊ. ಮತ್ತೆ ಮತ್ತೆ ಹಿಂದಕ್ಕೆ ಬೀಳುತ್ತೇನೆ. ಮಂಡಿ ಬಗ್ಗಿಸಿ ಎಂದು ತರಬೇತುದಾರರು ಹೇಳುತ್ತಲೇ ಇರುತ್ತಾರೆ, ಬಗ್ಗಿಸಿದರೆ ಹಿಮ್ಮಡಿಯ ಮೇಲೇ ಕೂತಂತಾಗುತ್ತದೆ. ಬ್ಲೇಡನ್ನು ಮುಂದಕ್ಕೆ ವಾಲುವಂತೆ ಮಾಡಿಸಬಹುದಂತೆ. ಮಾಡಿಸಲೇ? ಇಷ್ಟು ಭಾರದವರು ಈ ಆಟ ಕಲಿಯುವುದೇ ತಪ್ಪೇ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ: ತಪ್ಪಲ್ಲ. ಜ್ಡೆನೊ ಚಾರಾ 206 ಸೆಂಟಿಮೀಟರ್ ಎತ್ತರ, ಸುಮಾರು 113 ಕಿಲೊ ತೂಕದ ರಕ್ಷಣಾ ಆಟಗಾರ. 2022ರಲ್ಲಿ ನಿವೃತ್ತರಾಗುವವರೆಗೆ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್‌ನಲ್ಲಿ 1,680 ಪಂದ್ಯ ಆಡಿದರು. ವೃತ್ತಿಪರರಿಗೂ ನಮಗೂ ಅಂತರ ಬಹಳವಿದೆ, ನಿಜ. ಆದರೆ ಅಷ್ಟು ಭಾರವನ್ನು ಸುಮಾರು ಮೂರು ಮಿಲಿಮೀಟರ್ ಅಗಲದ ಉಕ್ಕು ಹೊರಬಲ್ಲದು ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಮುಂದಕ್ಕೆ ವಾಲಿಸುವುದನ್ನು ಪಿಚ್ ಎನ್ನುತ್ತಾರೆ. ಬ್ಲೇಡಿನ ಬಾಗಿನ ಅತ್ಯಂತ ತಗ್ಗಿನ ಬಿಂದುವನ್ನು ನಡುವಿನಿಂದ ಹಿಂದಕ್ಕೆ ಸರಿಸಿದರೆ ಪಾದ ಮುಂದಕ್ಕೆ ವಾಲುತ್ತದೆ, ಮುಂದಕ್ಕೆ ಸರಿಸಿದರೆ ಹಿಂದಕ್ಕೆ ವಾಲುತ್ತದೆ. ನಿಮ್ಮ ಬ್ಲೇಡಿನಲ್ಲಿ ಹಿಮ್ಮಡಿಯ ಭಾಗ ಹೆಚ್ಚು ಸವೆದು ಈ ಬಿಂದು ಮುಂದಕ್ಕೆ ಸರಿದಿದ್ದರೆ, ಅದರಲ್ಲೂ ಸ್ಕೇಟು ಬಳಸಿದ್ದನ್ನು ಕೊಂಡಿದ್ದರೆ, ಹಿಂದಕ್ಕೆ ಬೀಳುವುದಕ್ಕೆ ಅದೇ ಕಾರಣವಿರಬಹುದು. ಅದನ್ನು ನಡುವಿಗೆ ತರಿಸಿದರೆ ಸಾಕು. ಬ್ಲೇಡು ಸರಿಯಾಗಿದ್ದರೆ ಪಿಚ್ ಬದಲಿಸುವ ಮುನ್ನ ಬೂಟನ್ನು ನೋಡಿ. ಮೈಭಾರಕ್ಕೆ ತಕ್ಕ ಬಿಗುವಿಲ್ಲದ ಬೂಟಿನಲ್ಲಿ ಕಣಕಾಲು ಒಳಕ್ಕೆ ಕುಸಿಯುತ್ತದೆ, ಆಗ ಮಂಡಿ ಮುಂದಕ್ಕೆ ಹೋಗದೆ ಸೊಂಟ ಹಿಂದಕ್ಕೆ ಹೋಗುತ್ತದೆ. ಇದಕ್ಕೆ ವಿರುದ್ಧವಾದದ್ದೂ ಆಗಬಹುದು: ಬೂಟು ತೀರ ಬಿಗಿಯಾಗಿದ್ದು ಮೇಲಿನ ತೂತಿನವರೆಗೆ ಲಾಡಿ ಬಿಗಿದಿದ್ದರೆ ಕಣಕಾಲು ಮುಂದಕ್ಕೆ ಬಾಗುವುದೇ ಇಲ್ಲ. ಮೇಲಿನ ಒಂದು ತೂತು ಬಿಟ್ಟು ಲಾಡಿ ಕಟ್ಟಿ ನೋಡಿ. ಖರ್ಚಿಲ್ಲದ ಈ ಪರೀಕ್ಷೆ ಎಷ್ಟೋ ಸಲ ಉತ್ತರ ಕೊಡುತ್ತದೆ. ಮುಂದಿನ ವಾಲಿಕೆ ಹೆಚ್ಚಾದರೆ ತೊಡೆಗೂ ಸೊಂಟಕ್ಕೂ ಆಯಾಸ ಹೆಚ್ಚು, ಆದ್ದರಿಂದ ಕಲಿಯುವ ಹಂತದಲ್ಲಿ ನಡುಮಟ್ಟವೇ ಕ್ಷೇಮ. ಹಾಲೊ 9/16 ಇರಲಿ. ಹೊಸಬರಿಗೆ ಆಳದ ಹಿಡಿತ ಧೈರ್ಯ ಕೊಡುತ್ತದೆಂದು ಕೆಲವರು 3/8 ಸೂಚಿಸುವುದುಂಟು; ನಿಮ್ಮ ತೂಕಕ್ಕೆ ಅದರಲ್ಲಿ ನಿಲ್ಲುವುದನ್ನು ಕಲಿಯುವುದು ಕಷ್ಟವಾಗುತ್ತದೆ.

ಪ್ರಶ್ನೆ: ಫ್ಲ್ಯಾಟ್ ಬಾಟಮ್ ವಿ ಎಂಬ ಸಾಣೆ ಭಾರದವರಿಗೆ ಒಳ್ಳೆಯದೇ?

ಉತ್ತರ: ಒಳ್ಳೆಯದಾಗಬಹುದು. ಅದರಲ್ಲಿ ತಳದ ನಡುವೆ ಸಪಾಟಾದ ಪಟ್ಟಿ ಇದ್ದು ಎರಡು ಬದಿಯಲ್ಲಿ ಅಂಚುಗಳು ಮಾತ್ರ ಎದ್ದಿರುತ್ತವೆ. 100/50, 90/75 ಎಂಬಂತೆ ಎರಡು ಸಂಖ್ಯೆಗಳಲ್ಲಿ ಅದನ್ನು ಹೇಳುತ್ತಾರೆ. ಮೊದಲನೆಯದು ಸಪಾಟಿನ ಅಗಲ, ಎರಡನೆಯದು ಅಂಚಿನ ಎತ್ತರ. ಎರಡನೆಯ ಸಂಖ್ಯೆ ದೊಡ್ಡದಾದಷ್ಟೂ ಹಿಡಿತ ಹೆಚ್ಚು. ಸಪಾಟು ಭಾಗ ಭಾರವನ್ನು ಹೊರುವುದರಿಂದ ಜಾರಿಕೆ ಚೆನ್ನಾಗಿರುತ್ತದೆ, ಅದನ್ನು ಮೆಚ್ಚುವ ಭಾರದ ಆಟಗಾರರು ಸಾಕಷ್ಟಿದ್ದಾರೆ. ನೀವು 100/50ರಿಂದ ಆರಂಭಿಸಿ. ಅಂಚು ಅಸಮವಾಗಿದ್ದರೆ ಈ ಸಾಣೆಯಲ್ಲಿ ಅದು ಬೇಗ ಅನುಭವಕ್ಕೆ ಬರುತ್ತದೆ. ಹಿಡಿಯುವವರ ಕೈ ಪಳಗಿರಬೇಕು.

ಪ್ರಶ್ನೆ: 118 ಕಿಲೊ ತೂಗುವ ನಾನು ಎಷ್ಟು ದಿನಕ್ಕೊಮ್ಮೆ ಸಾಣೆ ಹಿಡಿಸಬೇಕು? ನನ್ನೊಂದಿಗೆ ಆಡುವ ಹಗುರ ಮೈಯವರಿಗಿಂತ ನನ್ನ ಬ್ಲೇಡು ಬೇಗ ಮೊಂಡಾಗುತ್ತದೆ, ಉಕ್ಕೂ ಬೇಗ ಸವೆಯುತ್ತಿದೆ. ಮನೆಯಲ್ಲೇ ಸಾಣೆ ಹಿಡಿಯುವ ಯಂತ್ರ ಕೊಳ್ಳಬಹುದೇ?

ಉತ್ತರ: ದಿನಗಳ ಲೆಕ್ಕ ಹಿಡಿಯಬೇಡಿ, ಉಗುರಿನ ಪರೀಕ್ಷೆ ಮಾಡಿ. ಹೆಬ್ಬೆರಳ ಉಗುರನ್ನು ಅಂಚಿನ ಮೇಲೆ ಅಡ್ಡಲಾಗಿ ಮೆಲ್ಲಗೆ ಎಳೆದರೆ ಉಗುರಿನಿಂದ ತೆಳುವಾದ ಪುಡಿ ಏಳಬೇಕು. ತುದಿಯಿಂದ ಹಿಮ್ಮಡಿಯವರೆಗೆ ಒಳ ಅಂಚು, ಹೊರ ಅಂಚು ಎರಡನ್ನೂ ಹೀಗೆ ನೋಡಿ. ಯಾವುದೋ ಒಂದು ಕಡೆ ಉಗುರು ಜಾರಿಹೋದರೆ ಅಲ್ಲಿ ಅಂಚು ಸತ್ತಿದೆ. ಎನ್‌ಎಚ್‌ಎಲ್ ತಂಡಗಳಲ್ಲಿ ಪಂದ್ಯದ ದಿನ ಸಾಣೆ ಹಿಡಿಯುವುದು ವಾಡಿಕೆ, ಅದನ್ನು ಅನುಸರಿಸಬೇಕಾಗಿಲ್ಲ. ಭಾರದವರ ಅಂಚು ಬೇಗ ಮೊಂಡಾಗುವುದು ಸಹಜ, ಆದರೆ ತೆಳು ಹಾಲೊದ ಅಂಚು ಆಳದ ಹಾಲೊದ ಅಂಚಿಗಿಂತ ದಪ್ಪವಾಗಿರುವುದರಿಂದ ಹೆಚ್ಚು ಕಾಲ ಬಾಳುತ್ತದೆ. ನೀವು ಈಗ ಎಷ್ಟರಲ್ಲಿದ್ದೀರೆಂದು ಬರೆದಿಲ್ಲ. 1/2ರಲ್ಲಿದ್ದರೆ 5/8ಕ್ಕೆ ಬಂದಾಗ ಈ ವ್ಯತ್ಯಾಸವನ್ನೂ ಕಾಣುವಿರಿ.

ಸಾಣೆಯ ನಡುವೆ ಆಗಾಗ ಒಂದು ಸಣ್ಣ ಸಾಣೆಕಲ್ಲನ್ನು ಬ್ಲೇಡಿನ ಪಕ್ಕಕ್ಕೆ ಸಪಾಟಾಗಿ ಒತ್ತಿ ಒಂದೆರಡು ಸಲ ಎಳೆಯಿರಿ. ಮಡಿಚಿಕೊಂಡ ಅಂಚಿನ ಸಿಬಿರು ಹೋಗಿ ಬ್ಲೇಡಿಗೆ ಇನ್ನಷ್ಟು ಆಯುಸ್ಸು ಬರುತ್ತದೆ. ಕಲ್ಲನ್ನು ವಾಲಿಸಿ ಹಿಡಿದರೆ ಮಾತ್ರ ಇದ್ದ ಅಂಚೂ ಉರುಟಾಗಿಬಿಡುತ್ತದೆ. ಆಟ ಮುಗಿದ ಕೂಡಲೇ ಬ್ಲೇಡನ್ನು ಒಣಬಟ್ಟೆಯಿಂದ ಒರೆಸಿ ಬಟ್ಟೆಯ ಗವಸು ಹಾಕಿ. ನಡೆಯುವಾಗ ಹಾಕಿಕೊಳ್ಳುವ ಗಟ್ಟಿ ಪ್ಲಾಸ್ಟಿಕ್ ಗಾರ್ಡನ್ನೇ ಹಾಕಿ ಚೀಲದಲ್ಲಿಟ್ಟರೆ ಒಳಗೆ ನೀರು ನಿಂತು ಅಂಚಿಗೆ ತುಕ್ಕು ಹಿಡಿಯುತ್ತದೆ, ಅದು ಸವೆತಕ್ಕಿಂತ ಕೆಟ್ಟದ್ದು.

ಉಕ್ಕಿನ ಎತ್ತರದ ಬಗ್ಗೆ ನಿಮಗೆ ವಿಶೇಷವಾಗಿ ಹೇಳಬೇಕು. ಬ್ಲೇಡು ಸವೆದು ಗಿಡ್ಡವಾದಾಗ ಬಿಗಿಯಾದ ತಿರುವಿನಲ್ಲಿ ವಾಲಿದರೆ ಹೋಲ್ಡರಿನ ಅಥವಾ ಬೂಟಿನ ಅಂಚು ಮಂಜುಗಡ್ಡೆಗೆ ತಾಗುತ್ತದೆ, ತಾಗಿದ ಕ್ಷಣ ಬ್ಲೇಡು ಮೇಲೆದ್ದು ಹಿಡಿತ ಒಮ್ಮೆಲೇ ಇಲ್ಲವಾಗುತ್ತದೆ. ನಿಮ್ಮ ತೂಕದಲ್ಲಿ ಆ ಬೀಳುವಿಕೆ ಸಣ್ಣದಲ್ಲ. ಬೂಟಿನ ಪಕ್ಕದಲ್ಲಿ ಹೊಸ ಗೀರುಗಳು ಕಾಣಿಸತೊಡಗಿದರೆ, ಉಕ್ಕು ಇನ್ನೂ ಸ್ವಲ್ಪ ಉಳಿದಿದೆಯಲ್ಲ ಎಂದು ಕಾಯದೆ ಬದಲಿಸಿ. ಸಾಧ್ಯವಾದರೆ ಮೂಲ ಬ್ಲೇಡಿಗಿಂತ ಸ್ವಲ್ಪ ಎತ್ತರದ ಉಕ್ಕನ್ನೇ ಆರಿಸಿ. ಹೊಸ ಉಕ್ಕನ್ನು ಹಾಕಿದಾಗ ಅದಕ್ಕೆ ನಿಮ್ಮ ಹಳೆಯ ಪ್ರೊಫೈಲ್ ತಾನಾಗಿ ಬಂದಿರುವುದಿಲ್ಲ ಎಂಬುದು ನೆನಪಿರಲಿ.

ಮನೆಯ ಯಂತ್ರ ಕೊಳ್ಳಬಹುದು, ಅದರಲ್ಲೂ ನಿಮ್ಮಂತೆ ಪದೇ ಪದೇ ಸಾಣೆ ಬೇಕಾದವರಿಗೆ ಅದು ನ್ಯಾಯವಾದ ಖರ್ಚು. ಪ್ರತಿ ಸಲವೂ ಒಂದೇ ಹಾಲೊ ಬರುತ್ತದೆ, ಒಂದೇ ಒತ್ತಡ ಬೀಳುತ್ತದೆ. ಆದರೆ ಇಂಥ ಯಂತ್ರ ಬ್ಲೇಡಿನ ಇರುವ ಬಾಗನ್ನು ಅನುಸರಿಸಿ ಹೋಗುವಂಥದ್ದು. ಪ್ರೊಫೈಲ್ ಕೆಟ್ಟಿದ್ದರೆ ಕೆಟ್ಟಂತೆಯೇ ಉಳಿಸುತ್ತದೆ. ಮೊದಲು ಅನುಭವಿಗಳಿಂದ ಪ್ರೊಫೈಲ್ ಸರಿಮಾಡಿಸಿ, ಆಮೇಲೆ ಮನೆಯಲ್ಲಿ ಹಿಡಿಯಿರಿ, ಮತ್ತು ಹತ್ತು ಹನ್ನೆರಡು ಸಾಣೆಗೊಮ್ಮೆ ಪ್ರೊಫೈಲ್ ಅಳತೆಯನ್ನೂ ಅಂಚಿನ ಮಟ್ಟವನ್ನೂ ಅವರಿಂದಲೇ ನೋಡಿಸಿ.